‘ಟೆಂಪರ್’ ಎಂಬ ಸಿಟ್ಟಿನ ಪದ: ಒಂದು ಇಂಗ್ಲಿಷ್ ಪದದ ಅರ್ಥ ಮತ್ತು ಮೂಲವನ್ನು ಹುಡುಕುವ ಕ್ರಮ

‘ಅವರಿಗೆ ಟೆಂಪರ್ ಜಾಸ್ತಿ, ಮಾತು ಸ್ವಲ್ಪ ನೋಡಿಕೊಂಡು ಆಡಿ’ ಎಂದು ಎಚ್ಚರಿಸುವ ಕನ್ನಡಿಗರಿಗೆ ತಾವು ಇಂಗ್ಲಿಷ್ ಪದ ಬಳಸುತ್ತಿದ್ದೇವೆಂಬ ಅರಿವೂ ಈಗ ಇರುವುದಿಲ್ಲ. ಮುಂಗೋಪ, ಸಿಡುಕು ಎಂಬ ಅರ್ಥದಲ್ಲಿ ಆ ಪದ ನಮ್ಮ ಮಾತಿನಲ್ಲಿ ಅಷ್ಟರಮಟ್ಟಿಗೆ ಬೇರೂರಿದೆ. ಆದರೆ ಅದೇ ಪದ ಮೊಬೈಲ್ ಅಂಗಡಿಯಲ್ಲಿ ಟೆಂಪರ್ಡ್ ಗ್ಲಾಸ್ ಆಗಿ, ಬಣ್ಣದ ಅಂಗಡಿಯಲ್ಲಿ ಗೋಡೆಗೆ ಹೊಡೆಯುವ ಡಿಸ್ಟೆಂಪರ್ ಆಗಿ, ಪಶುವೈದ್ಯರ ಬಳಿ ನಾಯಿಮರಿಗಳನ್ನು ಕಾಡುವ ಡಿಸ್ಟೆಂಪರ್ ರೋಗವಾಗಿ ಎದುರಾದಾಗ ಸಿಟ್ಟಿನ ಸುಳಿವೇ ಸಿಗುವುದಿಲ್ಲ. ಗಾಜು, ಬಣ್ಣ, ರೋಗ, ಕೋಪ ಈ ನಾಲ್ಕೂ ಒಂದೇ ಪದದೊಳಗೆ ಹೇಗೆ ಬಂದು ಸೇರಿದವು ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ಯಾವುದೇ ಇಂಗ್ಲಿಷ್ ಪದದ ಚರಿತ್ರೆಯನ್ನು ಶೋಧಿಸುವ ಕ್ರಮವೂ ಜೊತೆಯಲ್ಲೇ ತಿಳಿಯುತ್ತದೆ. ನಿಘಂಟನ್ನು ಬಿಡಿಸಿ ನೋಡುವ ಅಭ್ಯಾಸವಿರುವ ವಿದ್ಯಾರ್ಥಿಗಳು, ಅನುವಾದಕರು ಮತ್ತು ಅಧ್ಯಾಪಕರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕ್ರಮವನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಹಂತ 1: ಇಂದಿನ ಬಳಕೆಯನ್ನು ವಾಕ್ಯಗಳಲ್ಲಿ ಬರೆದುಕೊಳ್ಳಿ

ನಿಘಂಟನ್ನು ತೆರೆಯುವ ಮೊದಲು ಪದ ಇಂದು ಯಾವ ಯಾವ ವಾಕ್ಯಗಳಲ್ಲಿ ಬರುತ್ತದೆ ಎಂಬುದನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಟೆಂಪರ್ ಪದಕ್ಕೆ ಸಂಬಂಧಿಸಿದಂತೆ ‘ಹ್ಯಾವ್ ಎ ಟೆಂಪರ್’ ಎಂದರೆ ಮುಂಗೋಪಿಯಾಗಿರುವುದು. ‘ಇನ್ ಎ ಟೆಂಪರ್’ ಎಂದರೆ ಸಿಟ್ಟಿನಲ್ಲಿರುವುದು. ‘ಲೂಸ್ ಟೆಂಪರ್’, ಅಂದರೆ ಟೆಂಪರ್ ಕಳೆದುಕೊಳ್ಳುವುದು, ಎಂದರೂ ಸಿಟ್ಟಿಗೇಳುವುದೇ. ‘ಕೀಪ್ ಟೆಂಪರ್’ ಎಂದರೆ ಮಾತ್ರ ಸಿಟ್ಟನ್ನು ತಡೆದುಕೊಳ್ಳುವುದು. ಈ ನಾಲ್ಕನ್ನೂ ಒಂದರ ಕೆಳಗೊಂದು ಬರೆದ ಕೂಡಲೇ ತೊಡಕು ಕಣ್ಣಿಗೆ ಬೀಳುತ್ತದೆ. ಟೆಂಪರ್ ಇದ್ದವನೂ ಕೋಪಿಷ್ಠ, ಟೆಂಪರ್ ಕಳೆದುಕೊಂಡವನೂ ಕೋಪಿಷ್ಠ ಎಂದಾದರೆ ಇದ್ದದ್ದು ಯಾವುದು, ಕಳೆದದ್ದು ಯಾವುದು? ಇಂಥ ವಿರೋಧ ಸಿಕ್ಕಿದಲ್ಲಿ ಗುರುತು ಹಾಕಿಕೊಳ್ಳಿ. ಒಂದೇ ಪದದ ಎರಡು ಕಾಲದ ಅರ್ಥಗಳು ಅಕ್ಕಪಕ್ಕದಲ್ಲಿ ಉಳಿದುಕೊಂಡಿವೆ ಎಂಬುದಕ್ಕೆ ಇಂಥ ವಿರೋಧವೇ ಬಹುಪಾಲು ಮೊದಲ ಕುರುಹು.

ಹಂತ 2: ಸರಿಯಾದ ನಿಘಂಟನ್ನು ಆರಿಸಿಕೊಳ್ಳಿ

ಕಲಿಯುವವರಿಗಾಗಿ ಸಿದ್ಧಪಡಿಸಿದ ನಿಘಂಟುಗಳು ಹೆಚ್ಚು ಬಳಕೆಯಲ್ಲಿರುವ ಅರ್ಥವನ್ನು ಮೊದಲು ಕೊಡುತ್ತವೆ. ಅರ್ಥ ತಿಳಿಯಲು ಅದು ಅನುಕೂಲ, ಚರಿತ್ರೆ ತಿಳಿಯಲು ಅನನುಕೂಲ. ನಮಗೆ ಬೇಕಾದದ್ದು ಅರ್ಥಗಳನ್ನು ಅವು ಹುಟ್ಟಿದ ಕ್ರಮದಲ್ಲಿ ಜೋಡಿಸಿದ, ಪ್ರತಿ ಅರ್ಥಕ್ಕೂ ಕಾಲನಮೂದಿನೊಡನೆ ಪ್ರಯೋಗಗಳನ್ನು ಕೊಡುವ ಐತಿಹಾಸಿಕ ನಿಘಂಟು. ಇಂಗ್ಲಿಷಿನಲ್ಲಿ ಅಂಥ ಕೆಲಸದ ಮೇರುಕೃತಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು. ಅದರ ಮೊದಲ ಸಂಚಿಕೆ 1884ರಲ್ಲಿ ಹೊರಬಂದು, ಪೂರ್ಣಗೊಂಡದ್ದು 1928ರಲ್ಲಿ. ಅದರ ಪ್ರಧಾನ ಸಂಪಾದಕ ಜೇಮ್ಸ್ ಮರ್ರೆ 1915ರಲ್ಲೇ ತೀರಿಕೊಂಡಿದ್ದರು. 1989ರ ಎರಡನೆಯ ಆವೃತ್ತಿ 20 ಸಂಪುಟಗಳಷ್ಟಿದೆ. ಅದು ಕೈಗೆಟುಕದಿದ್ದರೆ ಮೆರಿಯಂ-ವೆಬ್‌ಸ್ಟರ್ ನಿಘಂಟನ್ನು ನೋಡಬಹುದು; ಅದೂ ಹಳೆಯ ಅರ್ಥವನ್ನೇ ಮೊದಲು ಕೊಡುವ ಪದ್ಧತಿಯನ್ನು ಪಾಲಿಸುತ್ತದೆ, ಅಂತರ್ಜಾಲದಲ್ಲಿ ಉಚಿತವಾಗಿಯೂ ಸಿಗುತ್ತದೆ.

ಇವುಗಳ ಜೊತೆಗೆ ಒಂದು ಹಳೆಯ ನಿಘಂಟನ್ನೂ ಇಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಹಳೆಯ ನಿಘಂಟು ತನ್ನ ಕಾಲದ ಮಟ್ಟಿಗೆ ಸಾಕ್ಷಿ ಹೇಳುತ್ತದೆ. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನರ ನಿಘಂಟು ಟೆಂಪರ್ ಪದಕ್ಕೆ ಮೊದಲು ಕೊಡುವ ಅರ್ಥ, ಪರಸ್ಪರ ವಿರುದ್ಧವಾದ ಗುಣಗಳ ತಕ್ಕ ಪ್ರಮಾಣದ ಬೆರಕೆ ಎಂಬುದು. ಮುಂದೆ ಮನಸ್ಸಿನ ಶಾಂತಿ, ಮಿತ ಎಂಬ ಅರ್ಥವನ್ನೂ ಅವರು ಕೊಡುತ್ತಾರೆ. ಇಂದು ಕೋಪಕ್ಕೆ ಹೆಸರಾದ ಪದ ಸುಮಾರು 270 ವರ್ಷಗಳ ಹಿಂದೆ ಶಾಂತಿಗೆ ಹೆಸರಾಗಿತ್ತು ಎಂಬುದು ಇಲ್ಲಿಗೇ ಗೊತ್ತಾಗುತ್ತದೆ. ಯಾವ ದಾರಿಯಿಂದ ಹೀಗಾಯಿತು ಎಂಬುದು ಇನ್ನೂ ಗೊತ್ತಾಗಿಲ್ಲ.

ಹಂತ 3: ಪದದ ಬಳಗವನ್ನು ಕೂಡಿಸಿ

ಪದಗಳಿಗೆ ನೆಂಟರಿರುತ್ತಾರೆ. ಒಂದು ಪದ ತನ್ನ ಹಳೆಯ ಅರ್ಥವನ್ನು ಕಳೆದುಕೊಂಡಿದ್ದರೂ ಅದರ ನೆಂಟಪದವೊಂದು ಅದನ್ನು ಜೋಪಾನವಾಗಿ ಇಟ್ಟುಕೊಂಡಿರುವ ಸಾಧ್ಯತೆ ಇರುವುದರಿಂದ, ಒಂದೇ ಧಾತುವಿನಿಂದ ಬಂದವೆಂದು ನಿಘಂಟು ಹೇಳುವ ಎಲ್ಲ ಪದಗಳನ್ನೂ ಪಟ್ಟಿ ಮಾಡಬೇಕು. ಟೆಂಪರ್ ಪದದ ಬಳಗ ದೊಡ್ಡದು, ಅದರಲ್ಲಿ ಹಲವು ಈಗಾಗಲೇ ಕನ್ನಡದ ಬೀದಿಗಿಳಿದಿವೆ.

ಟೆಂಪರೆನ್ಸ್ ಎಂದರೆ ಮಿತ, ಸಂಯಮ. ವಿಶೇಷವಾಗಿ ಕುಡಿತದ ವಿಷಯದಲ್ಲಿ. ನಮ್ಮ ರಾಜ್ಯ ಸರ್ಕಾರದ ಮದ್ಯಪಾನ ಸಂಯಮ ಮಂಡಳಿಯ ಇಂಗ್ಲಿಷ್ ಹೆಸರಿನಲ್ಲಿರುವುದು ಈ ಪದವೇ. ಕೋಪದ ಪದಕ್ಕೂ ಸಂಯಮದ ಪದಕ್ಕೂ ಒಂದೇ ಬೇರು ಎಂಬುದನ್ನು ಇಲ್ಲಿ ಗಮನಿಸಬೇಕು. ಟೆಂಪರಮೆಂಟ್ ಎಂದರೆ ಹುಟ್ಟುಗುಣ. ಸಂಗೀತದಲ್ಲಿ ಅದೇ ಪದಕ್ಕೆ ಸ್ವರಸ್ಥಾನಗಳನ್ನು ಸ್ವಲ್ಪ ಸ್ವಲ್ಪ ಸರಿಸಿ ಹೊಂದಿಸುವ ವ್ಯವಸ್ಥೆ ಎಂಬ ಅರ್ಥವಿದೆ. ಒಂದು ಸಪ್ತಕವನ್ನು 12 ಸಮಭಾಗ ಮಾಡುವ ಈ ಹೊಂದಾಣಿಕೆ ನಮ್ಮ ಶ್ರುತಿಗಳಿಗೆ ಒಗ್ಗುವುದಿಲ್ಲವೆಂಬುದು 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷೇಧಗೊಂಡಿದ್ದಕ್ಕೆ ಕೊಡಲಾದ ಕಾರಣಗಳಲ್ಲಿ ಒಂದು. ಟೆಂಪರೇಚರ್ ಎಂಬುದಕ್ಕೂ ಮೊದಲು ಬೆರಕೆ, ದೇಹಪ್ರಕೃತಿ ಎಂಬ ಅರ್ಥಗಳಿದ್ದು, ಬಿಸಿ ಮತ್ತು ತಂಪಿನ ಅಳತೆ ಎಂಬ ಅರ್ಥ ನೆಲೆಯಾದದ್ದು 17ನೇ ಶತಮಾನದಲ್ಲಿ.

ಉಕ್ಕಿನ ಟೆಂಪರ್ ಇನ್ನೊಂದು ಕವಲು. ಕೆಂಪಗೆ ಕಾಸಿದ ಉಕ್ಕನ್ನು ನೀರಿಗೆ ಅದ್ದಿದಾಗ ಅದು ಗಡುಸಾಗುತ್ತದೆ, ಆದರೆ ಪೆಡಸಾಗಿ ಸಿಡಿದುಹೋಗುತ್ತದೆ. ಅದನ್ನು ಮತ್ತೆ ಸುಮಾರು 200ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಸಿದರೆ ಮೈಮೇಲೆ ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ಕೊನೆಗೆ ನೀಲಿ ಬಣ್ಣ ಏರುತ್ತಾ ಹೋಗುತ್ತದೆ. ಯಾವ ಹತಾರಕ್ಕೆ ಎಷ್ಟು ಗಡಸುತನ ಬೇಕೋ ಅದಕ್ಕೆ ತಕ್ಕ ಬಣ್ಣ ಬಂದಾಗ ಕಮ್ಮಾರ ಅದನ್ನು ಬೆಂಕಿಯಿಂದ ತೆಗೆಯುತ್ತಾನೆ. ಟೆಂಪರ್ಡ್ ಗ್ಲಾಸ್‌ನ ವಿಷಯ ಇದಕ್ಕೆ ತದ್ವಿರುದ್ಧ. ಅಲ್ಲಿ 600 ಡಿಗ್ರಿಗೂ ಮೇಲೆ ಕಾಸಿದ ಗಾಜಿನ ಮೇಲೆ ತಣ್ಣನೆಯ ಗಾಳಿ ಊದಿ ಬೇಗ ಆರಿಸುತ್ತಾರೆ. ವಿಧಾನ ಬೇರೆಯಾದರೂ ಹೆಸರು ಅದೇ ಉಳಿದಿರುವುದನ್ನು ನೋಡಿದರೆ, ಬೇಕಾದ ಸ್ಥಿತಿಗೆ ತರುವುದು ಎಂಬ ತಿರುಳನ್ನು ಪದ ಬಿಟ್ಟುಕೊಟ್ಟಿಲ್ಲವೆಂದು ತಿಳಿಯುತ್ತದೆ.

ಅತ್ಯಂತ ಅನಿರೀಕ್ಷಿತ ನೆಂಟ ಟ್ಯಾಂಪರ್. ವಿದ್ಯುತ್ ಮೀಟರ್ ಟ್ಯಾಂಪರ್ ಮಾಡಿದರು, ಚೆಂಡನ್ನು ಟ್ಯಾಂಪರ್ ಮಾಡಿದರು ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ಇದು ಟೆಂಪರ್ ಪದದ್ದೇ ರೂಪಾಂತರ. ಜೇಡಿಮಣ್ಣನ್ನು ಕಲಸಿ ಹದ ಮಾಡುವುದು ಎಂಬ ಅರ್ಥದಿಂದ ಹೊರಟು, ಯಾವುದಕ್ಕೋ ಕೈಹಾಕುವುದು, ಸಲ್ಲದ ಕಡೆ ಕೈಯಾಡಿಸುವುದು ಎಂಬಲ್ಲಿಗೆ ಬಂದು ನಿಂತಿದೆ.

ಹಂತ 4: ಮೂಲಭಾಷೆಯ ರೂಪ ಮತ್ತು ಬಂದ ದಾರಿಯನ್ನು ಗುರುತಿಸಿ

ಈ ಬಳಗಕ್ಕೆಲ್ಲ ತಾಯಿ ಲ್ಯಾಟಿನ್ನಿನ ಟೆಂಪರಾರೆ ಎಂಬ ಕ್ರಿಯಾಪದ. ತಕ್ಕ ಪ್ರಮಾಣದಲ್ಲಿ ಬೆರೆಸು, ಮಿತಗೊಳಿಸು, ತಡೆದುಕೊ ಎಂಬುವು ಅದರ ಅರ್ಥಗಳು. 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮುಂಚೆಯೇ ಅದು ಟೆಂಪ್ರಿಯನ್ ಎಂಬ ರೂಪದಲ್ಲಿ ಹಳೆಯ ಇಂಗ್ಲಿಷಿಗೆ ಬಂದಿತ್ತು. ಆಮೇಲೆ ಫ್ರೆಂಚ್ ರೂಪದ ಬಲವೂ ಸೇರಿಕೊಂಡಿತು. ಒಂದೇ ಪದ ಎರಡು ಬಾಗಿಲುಗಳಿಂದ ಒಳಗೆ ಬರುವುದು ಇಂಗ್ಲಿಷಿನಲ್ಲಿ ಅಪರೂಪವಲ್ಲ, ಆದ್ದರಿಂದ ಒಂದು ದಾರಿ ಸಿಕ್ಕಿದ ಕೂಡಲೇ ಹುಡುಕಾಟ ನಿಲ್ಲಿಸಬಾರದು.

ಟೆಂಪರಾರೆ ಪದವನ್ನು ಒಂದೇ ಕನ್ನಡ ಪದದಲ್ಲಿ ಹಿಡಿಯುವುದಾದರೆ ‘ಹದ’ ಎಂಬುದಕ್ಕಿಂತ ಸಮೀಪದ್ದು ನನಗೆ ಕಾಣುವುದಿಲ್ಲ. ಮಣ್ಣಿಗೂ ಹಿಟ್ಟಿಗೂ ಬೆಲ್ಲದ ಪಾಕಕ್ಕೂ ಕಬ್ಬಿಣಕ್ಕೂ ಮನಸ್ಸಿಗೂ ಹದವಿದೆ, ಎಲ್ಲದಕ್ಕೂ ಹದ ತಪ್ಪುವ ಸಾಧ್ಯತೆಯೂ ಇದೆ. ಡಿಸ್ಟೆಂಪರ್ ಪದವನ್ನು ಇದರ ಬೆಳಕಿನಲ್ಲಿ ನೋಡಿ. ಹದ ತಪ್ಪಿದ ದೇಹಸ್ಥಿತಿ ಎಂಬ ಅರ್ಥದಿಂದ ಅದು ರೋಗವಾಯಿತು. ಅದೇ ಕ್ರಿಯಾಪದದ ನೀರಿನಲ್ಲಿ ನೆನೆಸು, ಕಲಸು ಎಂಬ ಅರ್ಥದ ಕವಲಿನಿಂದ ಗೋಡೆಯ ಬಣ್ಣವಾಯಿತು.

ಹಂತ 5: ಆ ಕಾಲದ ತಿಳಿವಳಿಕೆಯನ್ನು ಓದಿಕೊಳ್ಳಿ

ಬೆರಕೆ ಎಂಬ ಅರ್ಥ ಸಿಕ್ಕಿತು, ಆದರೆ ಬೆರಕೆಗೂ ಮನಸ್ಸಿಗೂ ಏನು ಸಂಬಂಧ? ಇದನ್ನು ನಿಘಂಟು ಸಂಕ್ಷೇಪವಾಗಿ ಸೂಚಿಸುತ್ತದೆಯೇ ಹೊರತು ಬಿಡಿಸಿ ಹೇಳುವುದಿಲ್ಲ. ಪದಮೂಲದ ಬರಹಗಳು ಬಹಳಷ್ಟು ಸಲ ಸೋಲುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಲ್ಯಾಟಿನ್ ರೂಪವನ್ನು ಹೇಳಿ ಮುಗಿಸಿಬಿಡುತ್ತಾರೆ, ಆ ರೂಪಕ್ಕೆ ಜೀವ ಕೊಟ್ಟ ವಿದ್ಯೆಯ ಕಡೆಗೆ ತಿರುಗಿಯೂ ನೋಡುವುದಿಲ್ಲ.

ಹಿಪೊಕ್ರಟೀಸನ ಹೆಸರಿನಲ್ಲಿ ಬಂದಿರುವ ಗ್ರೀಕ್ ವೈದ್ಯಗ್ರಂಥಗಳ ಪೈಕಿ ಮನುಷ್ಯನ ಪ್ರಕೃತಿಯನ್ನು ಕುರಿತ ಗ್ರಂಥವು ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳಿವೆಯೆಂದೂ, ಅವು ತಕ್ಕ ಪ್ರಮಾಣದಲ್ಲಿ ಬೆರೆತಿರುವುದೇ ಆರೋಗ್ಯವೆಂದೂ ಹೇಳುತ್ತದೆ. ಕ್ರಿ.ಶ. 2ನೇ ಶತಮಾನದ ವೈದ್ಯ ಗೇಲನ್ ಇದನ್ನು ವಿಸ್ತರಿಸಿ, ಬಿಸಿ, ತಂಪು, ತೇವ, ಶುಷ್ಕ ಎಂಬ ನಾಲ್ಕು ಗುಣಗಳ ಬೆರಕೆಯಿಂದ ಮನುಷ್ಯರ ದೇಹಪ್ರಕೃತಿಯನ್ನು ವಿವರಿಸಿದ. ಈ ಬೆರಕೆಗೆ ಗ್ರೀಕಿನಲ್ಲಿ ಕ್ರಾಸಿಸ್ ಎಂದು ಹೆಸರು. ಅದಕ್ಕೆ ಲ್ಯಾಟಿನ್ ವೈದ್ಯರು ಬಳಸಿದ ಪದ ಟೆಂಪರಮೆಂಟುಮ್. ಇಂಗ್ಲೆಂಡಿನ ಅರಸ ಎಂಟನೆಯ ಹೆನ್ರಿಯ ವೈದ್ಯರಾಗಿದ್ದ ಥಾಮಸ್ ಲಿನಾಕರ್ ಅವರು ಈ ಬೆರಕೆಯನ್ನು ಕುರಿತ ಗೇಲನ್ನನ ಗ್ರಂಥವನ್ನು ಲ್ಯಾಟಿನ್ನಿಗೆ ಅನುವಾದಿಸಿದ್ದು, ಅದು 1521ರಲ್ಲಿ ಕೇಂಬ್ರಿಜ್‌ನಲ್ಲಿ ಅಚ್ಚಾಯಿತು. ಯಾವ ರಸ ಮೇಲುಗೈಯಾಗಿದೆಯೋ ಅದರ ಮೇಲೆ ಮನುಷ್ಯನ ಸ್ವಭಾವವನ್ನು ಹೆಸರಿಸುವ ರೂಢಿ ಆ ವಿದ್ಯೆಯಿಂದ ಬೆಳೆಯಿತು. ರಕ್ತ ಹೆಚ್ಚಿದ್ದವನು ಸ್ಯಾಂಗ್ವಿನ್, ಉಲ್ಲಾಸಿ. ಕಫ ಹೆಚ್ಚಿದ್ದವನು ಫ್ಲೆಗ್ಮ್ಯಾಟಿಕ್, ಜಡ. ಕಪ್ಪು ಪಿತ್ತ ಹೆಚ್ಚಿದ್ದವನು ಮೆಲಂಕಾಲಿಕ್, ಖಿನ್ನ. ಹಳದಿ ಪಿತ್ತ ಹೆಚ್ಚಿದ್ದವನು ಕಾಲೆರಿಕ್, ಕೋಪಿಷ್ಠ. ಕೊನೆಯದು ಪಿತ್ತಕ್ಕೆ ಗ್ರೀಕಿನಲ್ಲಿರುವ ಖೊಲೆ ಎಂಬ ಪದದ ಸಂತಾನ. ಕಾಲರಾ ರೋಗದ ಹೆಸರೂ ಅದೇ ಬುಡಕ್ಕೆ ಸೇರಿದ್ದು.

ಈಗ ಟೆಂಪರ್ ಎಂಬುದರ ಜಾಗ ಸ್ಪಷ್ಟವಾಗುತ್ತದೆ. ಅದು ನಾಲ್ಕರಲ್ಲಿ ಯಾವ ರಸದ ಹೆಸರೂ ಅಲ್ಲದೆ, ನಾಲ್ಕೂ ಕೂಡಿದಾಗ ಉಂಟಾಗುವ ಹದದ ಹೆಸರಾಗಿತ್ತು. ಹದ ಕೆಟ್ಟರೆ ಕೋಪವೂ ಬರಬಹುದು, ಖಿನ್ನತೆಯೂ ಬರಬಹುದು, ಜ್ವರವೂ ಬರಬಹುದು. ಟೆಂಪರ್ ಕಳೆದುಕೊಳ್ಳುವುದು ಎಂದರೆ ಆ ಹದವನ್ನು ಕಳೆದುಕೊಳ್ಳುವುದು. ಮೊದಲ ಹಂತದಲ್ಲಿ ಗುರುತು ಹಾಕಿಕೊಂಡ ತೊಡಕಿನ ಅರ್ಧಭಾಗ ಇಲ್ಲಿ ಬಿಡಿಸಿಕೊಂಡಿತು.

ಹಂತ 6: ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ

ಊಹೆ ಸರಿಯೇ ಎಂದು ಪರೀಕ್ಷಿಸಲು ನಿಜವಾದ ಪ್ರಯೋಗಗಳು ಬೇಕು. ಪ್ರತಿಯೊಂದನ್ನೂ ಪೂರ್ತಿ ವಾಕ್ಯದೊಡನೆ, ಹಿಂದುಮುಂದಿನ ಸಂದರ್ಭದೊಡನೆ ಓದಬೇಕು. ಹುಡುಕುಯಂತ್ರ ತೋರಿಸುವ ತುಣುಕಿನಿಂದ ತೀರ್ಮಾನಕ್ಕೆ ಬಂದರೆ ಮೋಸಹೋಗುತ್ತೀರಿ.

ಶೇಕ್ಸ್‌ಪಿಯರನ ಲಿಯರ್ ದೊರೆ ಮೊದಲ ಅಂಕದ ಕೊನೆಯಲ್ಲಿ ತನಗೆ ಹುಚ್ಚು ಹಿಡಿಯದಿರಲಿ ಎಂದು ದೈವವನ್ನು ಬೇಡುತ್ತಾ ‘ಕೀಪ್ ಮಿ ಇನ್ ಟೆಂಪರ್’ ಎನ್ನುತ್ತಾನೆ. 1606ರಲ್ಲಿ ಅರಮನೆಯಲ್ಲಿ ಆಡಿದ ಈ ನಾಟಕದ ಮಾತನ್ನು ಇಂದಿನ ಅರ್ಥದಲ್ಲಿ ಓದಿದರೆ ‘ನನ್ನನ್ನು ಸಿಟ್ಟಿನಲ್ಲೇ ಇಡು’ ಎಂದಾಗಿ ಅನರ್ಥವಾಗುತ್ತದೆ. ಅವನು ಬೇಡುತ್ತಿರುವುದು ಚಿತ್ತದ ಸ್ಥಿಮಿತವನ್ನು. 1611ರ ಇಂಗ್ಲಿಷ್ ಬೈಬಲ್ಲಿನ ವಿಮೋಚನಕಾಂಡದಲ್ಲಿ ಎಣ್ಣೆ ಬೆರೆಸಿ ಕಲಸಿದ ಹುಳಿಯಿಲ್ಲದ ರೊಟ್ಟಿಗಳನ್ನು ಹೇಳುವಾಗ ಬರುವ ಪದವೂ ಟೆಂಪರ್ಡ್ ಎಂಬುದೇ.

ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಹ್ಯಾಮ್ಲೆಟ್ ನಾಟಕದ ಮೂರನೆಯ ಅಂಕದ ಎರಡನೆಯ ದೃಶ್ಯವನ್ನು. ತನ್ನ ಪಾಪವನ್ನೇ ಎತ್ತಿ ತೋರಿಸಿದ ಆಟವನ್ನು ನಡುವೆಯೇ ಬಿಟ್ಟು ಎದ್ದುಹೋದ ದೊರೆ ‘ಡಿಸ್ಟೆಂಪರ್ಡ್’ ಆಗಿದ್ದಾನೆಂದು ಗಿಲ್ಡನ್‌ಸ್ಟರ್ನ್ ಬಂದು ವರದಿ ಮಾಡುತ್ತಾನೆ. ‘ಕುಡಿತದಿಂದಲೋ?’ ಎಂದು ಹ್ಯಾಮ್ಲೆಟ್ ಕೇಳುತ್ತಾನೆ. ‘ಇಲ್ಲ ಪ್ರಭು, ಕಾಲರ್‌ನಿಂದ’ ಎಂಬ ಉತ್ತರ ಬರುತ್ತದೆ. ಗಿಲ್ಡನ್‌ಸ್ಟರ್ನ್ ಹೇಳಲು ಹೊರಟದ್ದು ಕೋಪ. ಹ್ಯಾಮ್ಲೆಟ್ ಬೇಕೆಂದೇ ಅದನ್ನು ಪಿತ್ತ ಎಂದು ತೆಗೆದುಕೊಂಡು, ಹಾಗಿದ್ದರೆ ವೈದ್ಯನಿಗೆ ಹೇಳುವುದು ಜಾಣತನ, ನಾನೇ ಭೇದಿಗೆ ಕೊಟ್ಟರೆ ಪಿತ್ತ ಇನ್ನಷ್ಟು ಕೆರಳೀತು ಎಂಬ ಅರ್ಥದ ಮಾತಾಡಿ ಅಣಕಿಸುತ್ತಾನೆ. ಈ ಚೇಷ್ಟೆ ಪ್ರೇಕ್ಷಕರಿಗೆ ದಾಟಬೇಕಾದರೆ ಡಿಸ್ಟೆಂಪರ್, ಕಾಲರ್ ಎಂಬ ಎರಡೂ ಪದಗಳು ಆ ಕಾಲದಲ್ಲಿ ದೇಹದ ರೋಗವನ್ನೂ ಮನಸ್ಸಿನ ಕ್ಷೋಭೆಯನ್ನೂ ಒಟ್ಟಿಗೇ ಸೂಚಿಸುತ್ತಿದ್ದಿರಬೇಕು. ಒಂದು ಶ್ಲೇಷೆ ಹತ್ತು ನಿಘಂಟು ನಮೂದುಗಳಿಗಿಂತ ಬಲವಾದ ಪುರಾವೆಯಾಗುವುದು ಹೀಗೆ.

ಅಲ್ಲಿಂದ ಎರಡು ಶತಮಾನ ದಾಟಿ 1813ರ ಜೇನ್ ಆಸ್ಟೆನ್ ಕಾದಂಬರಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ಗೆ ಬನ್ನಿ. ಮೊದಲ ಅಧ್ಯಾಯದಲ್ಲೇ ಮಿಸೆಸ್ ಬೆನೆಟ್ ‘ಅನ್‌ಸರ್ಟನ್ ಟೆಂಪರ್’ ಇರುವ ಹೆಂಗಸೆಂದು ಲೇಖಕಿ ಹೇಳುತ್ತಾರೆ. ಮುಂದೆ ಡಾರ್ಸಿ ತನ್ನ ಟೆಂಪರ್‌ಗೆ ತಾನು ಜವಾಬು ಕೊಡಲಾರೆ ಎನ್ನುತ್ತಾನೆ. ಇಲ್ಲಿ ಪದದ ಅರ್ಥ ಸ್ವಭಾವ. ಸ್ವಭಾವ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಹೇಳಲು ಇನ್ನೂ ಒಂದು ವಿಶೇಷಣದ ಊರುಗೋಲು ಬೇಕಾಗಿದೆ. ಬರಿಯ ಟೆಂಪರ್ ಎಂದರೆ ಸಿಟ್ಟು ಎಂಬ ಪ್ರಯೋಗ ನೆಲೆಯೂರುವುದು 19ನೇ ಶತಮಾನದಲ್ಲಿ.

ಹಂತ 7: ಅರ್ಥ ಹೊರಳಿದ ಬಗೆಯನ್ನು ವಿವರಿಸಿ

ಹದ, ಸ್ವಭಾವ, ಕೆಟ್ಟ ಸ್ವಭಾವ, ಸಿಟ್ಟು ಎಂಬುದು ಈಗ ನಮಗೆ ಸಿಕ್ಕಿರುವ ಸರಣಿ. ಕೊನೆಯ ಹೊರಳುವಿಕೆಗೆ ಕಾರಣವನ್ನು ಪ್ರಯೋಗಗಳಿಂದಲೇ ಹೇಳಬಹುದು. ಬ್ಯಾಡ್ ಟೆಂಪರ್, ಹಾಟ್ ಟೆಂಪರ್, ಇಲ್ ಟೆಂಪರ್ ಎಂಬ ಜೋಡಿಗಳು ಬಳಕೆಯಾಗಿ ಬಳಕೆಯಾಗಿ, ವಿಶೇಷಣ ಬಿದ್ದುಹೋದರೂ ಅದರ ಕಹಿ ನಾಮಪದದಲ್ಲಿ ಉಳಿದುಕೊಂಡಿತು. ಭಾಷಾಶಾಸ್ತ್ರದ ಪುಸ್ತಕಗಳು ಇದನ್ನು ಹೀನಾರ್ಥಪ್ರಾಪ್ತಿ ಎಂದು ಕರೆಯುತ್ತವೆ. ಪಾರಿಭಾಷಿಕ ಪದ ಭಾರವೆನಿಸಿದರೆ ಇಂದಿನ ಕನ್ನಡವನ್ನೇ ಗಮನಿಸಬಹುದು. ರಕ್ತದೊತ್ತಡ ಎಲ್ಲರಿಗೂ ಇರುತ್ತದೆ, ಆದರೂ ‘ಅವರಿಗೆ ಬಿಪಿ ಇದೆ’ ಎಂದರೆ ಅದು ಹೆಚ್ಚಾಗಿದೆ ಎಂದೇ ಅರ್ಥ. ‘ಶುಗರ್ ಇದೆ’ ಎಂಬುದರ ಕಥೆಯೂ ಅಷ್ಟೇ. ‘ಆಟಿಟ್ಯೂಡ್ ತೋರಿಸಬೇಡ’ ಎಂದಾಗ ಮನೋಭಾವ ಎಂಬ ತಟಸ್ಥ ಪದ ಸೊಕ್ಕಾಗಿಬಿಟ್ಟಿರುತ್ತದೆ.

ಅರ್ಥ ಹೊರಳಿದ ಮೇಲೂ ಹಳೆಯ ನುಡಿಗಟ್ಟುಗಳು ಕರಗಲಿಲ್ಲ. ‘ಲೂಸ್ ಟೆಂಪರ್’, ‘ಕೀಪ್ ಟೆಂಪರ್’ ಎಂಬುವು ಶಾಂತಿ ಎಂಬ ಹಳೆಯ ಅರ್ಥದಲ್ಲಿ ಗಟ್ಟಿಯಾದವು. ‘ಹ್ಯಾವ್ ಎ ಟೆಂಪರ್’, ‘ಇನ್ ಎ ಟೆಂಪರ್’ ಎಂಬುವು ಹೊಸ ಅರ್ಥದವು. ಅನುವಾದಕರಿಗೆ ಇದರಿಂದ ಪ್ರತ್ಯಕ್ಷ ಪ್ರಯೋಜನವಿದೆ. 18ನೇ ಶತಮಾನದ ಬರಹದಲ್ಲಿ ‘ಎ ಮ್ಯಾನ್ ಆಫ್ ಟೆಂಪರ್’ ಎಂದು ಬಂದರೆ ಅವನನ್ನು ಕೋಪಿಷ್ಠನೆಂದು ಕನ್ನಡಿಸುವ ಮೊದಲು ಸಂದರ್ಭವನ್ನು ಮತ್ತೊಮ್ಮೆ ನೋಡಬೇಕು. ಅವನು ಸಮಚಿತ್ತನೂ ಆಗಿರಬಹುದು.

ಹಂತ 8: ಸುಳ್ಳು ದಾರಿಗಳನ್ನು ಮುಚ್ಚಿ

ಸಿಟ್ಟು ಬಂದಾಗ ಮೈ ಬಿಸಿಯಾಗುತ್ತದೆ, ಆದ್ದರಿಂದ ಟೆಂಪರೇಚರ್‌ನಿಂದ ಟೆಂಪರ್ ಬಂತು ಎಂಬ ವಿವರಣೆ ಕೇಳಲು ಚೆನ್ನಾಗಿದೆ. ಕಾಲಕ್ರಮ ಅದನ್ನು ಒಪ್ಪುವುದಿಲ್ಲ. ಟೆಂಪರೇಚರ್‌ಗೆ ಬಿಸಿಯ ಅಳತೆ ಎಂಬ ಅರ್ಥ ಬರುವುದಕ್ಕೆ ಬಹಳ ಮೊದಲೇ ಟೆಂಪರ್ ಪದ ಇಂಗ್ಲಿಷಿನಲ್ಲಿತ್ತು. ಎರಡೂ ಒಂದೇ ತಾಯಿಯ ಮಕ್ಕಳು, ಒಂದು ಇನ್ನೊಂದರ ಮಗುವಲ್ಲ.

ನಮ್ಮ ಊರುಗಳಲ್ಲಿ ಸಾಮಾನು ಸಾಗಿಸುವ ಟೆಂಪೊ ಇನ್ನೊಂದು ಎಚ್ಚರಿಕೆ. ಆ ಹೆಸರು ಬಂದದ್ದು ಜರ್ಮನಿಯ ಟೆಂಪೊ ಎಂಬ ವಾಹನದ ಬ್ರ್ಯಾಂಡಿನಿಂದ. ಬಜಾಜ್ ಟೆಂಪೊ ಮೂಲಕ ಭಾರತಕ್ಕೆ ಬಂದು, ಆಮೇಲೆ ಆ ಬಗೆಯ ಎಲ್ಲ ವಾಹನಗಳಿಗೂ ಅದೇ ಹೆಸರಾಯಿತು. ಟೆಂಪೊ ಎಂಬ ಪದ ವೇಗ, ಲಯ ಎಂಬ ಅರ್ಥದ್ದಾಗಿ ಇಟಾಲಿಯನ್ ಮೂಲಕ ಕಾಲ ಎಂಬ ಅರ್ಥದ ಲ್ಯಾಟಿನ್ನಿನ ಟೆಂಪುಸ್‌ಗೆ ಮುಟ್ಟುತ್ತದೆ. ಟೆಂಪರಾರೆ ಪದವನ್ನೂ ಈ ಟೆಂಪುಸ್‌ಗೆ ಜೋಡಿಸುವ ವಿದ್ವಾಂಸರಿದ್ದಾರೆ, ಆದರೆ ಆ ಕೊಂಡಿ ನಿರ್ವಿವಾದವಲ್ಲ. ಆದ್ದರಿಂದ ನಿಮ್ಮ ಟಿಪ್ಪಣಿಯಲ್ಲಿ ಟೆಂಪರಾರೆವರೆಗಿನ ದಾರಿಯನ್ನು ಖಚಿತವೆಂದೂ ಅದರಾಚೆಯದನ್ನು ಸಂಭಾವ್ಯವೆಂದೂ ಬೇರೆ ಬೇರೆಯಾಗಿ ಬರೆಯಿರಿ.

ಮೂರನೆಯ ಆಕರ್ಷಣೆ ಆಯುರ್ವೇದದ್ದು. ವಾತ, ಪಿತ್ತ, ಕಫಗಳ ಸಾಮ್ಯವೇ ಆರೋಗ್ಯ ಎಂಬ ಮಾತು ನಮಗೆ ಪರಿಚಿತ, ‘ಪಿತ್ತ ನೆತ್ತಿಗೇರಿತು’ ಎಂಬ ನುಡಿಗಟ್ಟು ಕಾಲೆರಿಕ್ ಎಂಬುದರ ಪಕ್ಕದಲ್ಲೇ ಕೂರುವಂತಿದೆ. ಹೋಲಿಸಿ ನೋಡುವುದಕ್ಕೆ ಅಡ್ಡಿಯಿಲ್ಲ. ಆದರೆ ಟೆಂಪರ್ ಪದದ ಚರಿತ್ರೆಯಲ್ಲಿ ಸಂಸ್ಕೃತಕ್ಕೆ ಪಾತ್ರವಿಲ್ಲ. ಎರಡು ವೈದ್ಯಪದ್ಧತಿಗಳ ಹೋಲಿಕೆಯನ್ನು ಒಂದು ಪದದ ವಂಶಾವಳಿಯೊಳಗೆ ತುರುಕಬಾರದು.

ಹಂತ 9: ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿ

ಎಲ್ಲ ಪದಗಳೂ ಟೆಂಪರ್‌ನಷ್ಟು ಉದಾರವಾಗಿ ತಮ್ಮ ಕಥೆ ಹೇಳುವುದಿಲ್ಲ. ಇದೇ ಕ್ರಮವನ್ನು ಸಿಟ್ಟಿನದೇ ಇನ್ನೊಂದು ಇಂಗ್ಲಿಷ್ ಪದವಾದ ಡಜನ್ (dudgeon) ಎಂಬುದಕ್ಕೆ ಅನ್ವಯಿಸಿ ನೋಡಿ. ಹನ್ನೆರಡು ಎಂಬ ಅರ್ಥದ ಡಜನ್ ಬೇರೆ, ಇದು ‘ಇನ್ ಹೈ ಡಜನ್’ ಎಂಬ ನುಡಿಗಟ್ಟಿನಲ್ಲಿ ಮುನಿಸಿಕೊಂಡು ದುಮುಗುಡುವುದನ್ನು ಸೂಚಿಸುವ ಪದ. 16ನೇ ಶತಮಾನದಿಂದ ಅದರ ಪ್ರಯೋಗ ಸಿಗುತ್ತದೆ. ಅದೇ ರೂಪದ ಇನ್ನೊಂದು ಪದವೂ ಇದ್ದು, ಅದಕ್ಕೆ ಕಠಾರಿಯ ಹಿಡಿ ಮಾಡಲು ಬಳಸುತ್ತಿದ್ದ ಮರ ಮತ್ತು ಆ ಹಿಡಿ ಎಂಬ ಅರ್ಥಗಳಿವೆ. ಮ್ಯಾಕ್‌ಬೆತ್ ತನ್ನ ಕಣ್ಣೆದುರು ತೇಲುವ ಕಠಾರಿಯ ಅಲಗಿನ ಮೇಲೂ ಹಿಡಿಯ ಮೇಲೂ ರಕ್ತದ ಹನಿಗಳನ್ನು ಕಂಡಾಗ ಬಳಸುವುದು ಆ ಪದವನ್ನೇ. ಕೋಪಗೊಂಡವನು ಕಠಾರಿಯ ಹಿಡಿಗೆ ಕೈಹಾಕುತ್ತಾನೆ, ಆದ್ದರಿಂದ ಹಿಡಿಯ ಹೆಸರು ಕೋಪಕ್ಕೆ ಬಂತು ಎಂದು ಹೇಳಿಬಿಡಲು ನಾಲಗೆ ತುರಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಅರ್ಥ ದಾಟಿದ್ದನ್ನು ತೋರಿಸುವ ಪ್ರಯೋಗ ಯಾವುದೂ ಸಿಕ್ಕಿಲ್ಲ, ಹಾಗಾಗಿ ಐತಿಹಾಸಿಕ ನಿಘಂಟುಗಳು ಕೋಪದ ಅರ್ಥದ ಈ ಪದಕ್ಕೆ ಮೂಲ ಅಜ್ಞಾತವೆಂದು ಬರೆದು ಮುಂದಿನ ಪದಕ್ಕೆ ಹೋಗುತ್ತವೆ. ನಿಮ್ಮ ಹಾಳೆಯಲ್ಲೂ ಮೊದಲ ಪ್ರಯೋಗದ ಕಾಲ, ಅರ್ಥ ಮತ್ತು ‘ಮೂಲ ಅಜ್ಞಾತ’ ಎಂಬ ಮೂರನ್ನೇ ಬರೆಯಿರಿ. ಕಠಾರಿಯ ಕಥೆಯನ್ನು ದಾಖಲಿಸಲೇಬೇಕೆನಿಸಿದರೆ ಅದನ್ನು ಊಹೆ ಎಂಬ ತಲೆಬರಹದ ಕೆಳಗೆ ಪ್ರತ್ಯೇಕವಾಗಿ ಇಡಿ.